ಗಣಕಯಂತ್ರದ ಎಸ್.ಎಂ.ಪಿ.ಎಸ್. ಘಟಕ: ಸಾರ್ವಜನಿಕರ ತಿಳಿವಳಿಕೆಗಾಗಿ ಮಾಹಿತಿ

ನಾಗರಿಕ ಸೇವಾ ಕೇಂದ್ರವನ್ನು ನಡೆಸಲು ಅರ್ಜಿ ಸಲ್ಲಿಸುವವರು, ಶಾಲೆ, ಗ್ರಂಥಾಲಯ ಹಾಗೂ ಸಹಕಾರ ಸಂಘಗಳಿಗಾಗಿ ಗಣಕಯಂತ್ರ ಖರೀದಿಸುವವರು ಮತ್ತು ಮನೆಯಿಂದಲೇ ಆನ್‌ಲೈನ್ ಮೂಲಕ ಸೇವೆಗಳನ್ನು ಪಡೆಯಬಯಸುವ ನಾಗರಿಕರು ಸಾಮಾನ್ಯವಾಗಿ ಪ್ರೊಸೆಸರ್, ಮೆಮೊರಿ ಮತ್ತು ಮಾನಿಟರ್‌ಗಳ ಬಗ್ಗೆ ವಿವರವಾಗಿ ವಿಚಾರಿಸುತ್ತಾರೆ. ಕ್ಯಾಬಿನೆಟ್‌ನ ಹಿಂಬದಿಯ ಮೂಲೆಯಲ್ಲಿ ಅಳವಡಿಸಿರುವ ತಗಡಿನ ಪೆಟ್ಟಿಗೆಯ ಬಗ್ಗೆ ವಿಚಾರಿಸುವವರು ವಿರಳ. ಎಸ್.ಎಂ.ಪಿ.ಎಸ್. ಎಂದು ಅಂಗಡಿಗಳಲ್ಲಿ ಕರೆಯಲಾಗುವ ಈ ಘಟಕವು ಕೆಟ್ಟಲ್ಲಿ ಯಂತ್ರವು ನಿಲ್ಲುವುದಷ್ಟೇ ಅಲ್ಲದೆ, ಮದರ್‌ಬೋರ್ಡ್ ಹಾಗೂ ಹಾರ್ಡ್ ಡಿಸ್ಕ್‌ಗಳೂ ಹಾಳಾಗುವ, ಕಡತಗಳು ನಷ್ಟವಾಗುವ ಮತ್ತು ಅಪರೂಪಕ್ಕೆ ಬೆಂಕಿ ಹೊತ್ತಿಕೊಳ್ಳುವ ಸಂಭವವಿರುತ್ತದೆ. ಆದ್ದರಿಂದ ಇದರ ಕಾರ್ಯವಿಧಾನ, ಆಯ್ಕೆ ಮತ್ತು ಸುರಕ್ಷಿತ ಬಳಕೆಯ ಬಗ್ಗೆ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ. ಇದನ್ನು ಅರ್ಥ ಮಾಡಿಕೊಳ್ಳಲು ತಾಂತ್ರಿಕ ಶಿಕ್ಷಣದ ಅಗತ್ಯವಿರುವುದಿಲ್ಲ.

ಎಸ್.ಎಂ.ಪಿ.ಎಸ್. ಎಂದರೇನು

ವಿದ್ಯುತ್ ಸರಬರಾಜು ಕಂಪನಿಗಳಿಂದ ನಮ್ಮ ಮನೆ, ಕಚೇರಿಗಳಿಗೆ ದೊರೆಯುವುದು 230 ವೋಲ್ಟ್, 50 ಹರ್ಟ್ಜ್‌ನ ಪರ್ಯಾಯ ವಿದ್ಯುತ್. ಗಣಕಯಂತ್ರದ ಒಳಗಿನ ಭಾಗಗಳಿಗೆ ಬೇಕಾಗಿರುವುದು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್. ಈ ಪರಿವರ್ತನೆಯನ್ನು ಎಸ್.ಎಂ.ಪಿ.ಎಸ್. ನಿರ್ವಹಿಸುತ್ತದೆ. ಮೊದಲಿಗೆ ಅದು 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು ಸುಮಾರು 325 ವೋಲ್ಟ್‌ನ ನೇರ ವಿದ್ಯುತ್ತಾಗಿ ಮಾಡಿ ದೊಡ್ಡ ಕೆಪಾಸಿಟರ್ ಒಂದರಲ್ಲಿ ಸಂಗ್ರಹಿಸುತ್ತದೆ. ನಂತರ ಅದನ್ನು ಪ್ರತಿ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಜೋಡಿಸಿ, ಚಿಕ್ಕ ಟ್ರಾನ್ಸ್‌ಫಾರ್ಮರ್ ಮೂಲಕ ಹಾಯಿಸಿ, ಬೇಕಾದ ಮಟ್ಟಕ್ಕೆ ಇಳಿಸುತ್ತದೆ. ಇಷ್ಟು ವೇಗವಾಗಿ ಕಡಿಯುವುದರಿಂದಲೇ ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿರಲು ಸಾಧ್ಯವಾಗಿದೆ. ಹಳೆಯ ಬಗೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್‌ನಿಂದ ಇದೇ ಕೆಲಸ ಮಾಡಿಸಬೇಕಾದಲ್ಲಿ ಅದರ ತೂಕವೇ ಹಲವು ಕಿಲೋಗ್ರಾಂ ಆಗುತ್ತಿತ್ತು.

ಇಂದು ಬಳಕೆಯಲ್ಲಿರುವ ಬಹುತೇಕ ಘಟಕಗಳು ಇಂಟೆಲ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಎ.ಟಿ.ಎಕ್ಸ್. ಮಾನದಂಡವನ್ನೂ ಅದರ ನಂತರದ ಪರಿಷ್ಕರಣೆಗಳನ್ನೂ ಅನುಸರಿಸುತ್ತವೆ. ಹೊರಬರುವ ತಂತಿಗಳ ಬಣ್ಣಗಳೂ ಸಾಂಪ್ರದಾಯಿಕವಾಗಿ ನಿಗದಿಯಾಗಿವೆ: ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್, ಕಪ್ಪು ಶೂನ್ಯ. ನೇರಳೆ ತಂತಿಯಲ್ಲಿ ಯಂತ್ರ ಆಫ್ ಆಗಿದ್ದಾಗಲೂ 5 ವೋಲ್ಟ್ ಇರುತ್ತದೆ. ಅಂದರೆ ಯಂತ್ರವನ್ನು ಶಟ್‌ಡೌನ್ ಮಾಡಿದ ಮಾತ್ರಕ್ಕೆ ಮದರ್‌ಬೋರ್ಡ್‌ಗೆ ವಿದ್ಯುತ್ ಸಂಪರ್ಕ ತಪ್ಪಿದಂತಾಗುವುದಿಲ್ಲ. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ತೆಗೆಯತಕ್ಕದ್ದು. ಇತ್ತೀಚಿನ ಅನೇಕ ಘಟಕಗಳಲ್ಲಿ ಎಲ್ಲ ತಂತಿಗಳೂ ಕಪ್ಪು ಬಣ್ಣದವೇ ಆಗಿರುವುದರಿಂದ ಬಣ್ಣವನ್ನು ನಂಬಿ ಯಾವುದೇ ಜೋಡಣೆ ಮಾಡಕೂಡದು.

ವಾಟ್ ಸಾಮರ್ಥ್ಯ ಮತ್ತು ಲೇಬಲ್ ಓದುವ ಕ್ರಮ

ಘಟಕದ ಮೇಲೆ ದೊಡ್ಡ ಅಕ್ಷರಗಳಲ್ಲಿ 450 ವಾಟ್ ಅಥವಾ 500 ವಾಟ್ ಎಂದು ಮುದ್ರಿಸಿರುವುದನ್ನು ಕಂಡು ತೃಪ್ತರಾಗದೆ, ಬದಿಯಲ್ಲಿರುವ ಸಣ್ಣ ಅಕ್ಷರಗಳ ಪಟ್ಟಿಯನ್ನು ಓದಬೇಕು. ಖರೀದಿದಾರರು ಹೆಚ್ಚಾಗಿ ಮೋಸ ಹೋಗುವುದು ಈ ಹಂತದಲ್ಲಿಯೇ.

2000ನೇ ಇಸವಿಗೆ ಮೊದಲಿನ ಯಂತ್ರಗಳು ಹೆಚ್ಚಿನ ವಿದ್ಯುತ್ತನ್ನು 5 ಮತ್ತು 3.3 ವೋಲ್ಟ್‌ಗಳಿಂದ ಪಡೆಯುತ್ತಿದ್ದವು. ಆ ಬಳಿಕ ಬಂದ ಪ್ರೊಸೆಸರ್‌ಗಳು ಹಾಗೂ ಗ್ರಾಫಿಕ್ಸ್ ಕಾರ್ಡ್‌ಗಳು ಮುಖ್ಯವಾಗಿ 12 ವೋಲ್ಟ್‌ನ ಮೇಲೆಯೇ ಅವಲಂಬಿತವಾಗಿವೆ. ಹೀಗಾಗಿ ಘಟಕದ ನಿಜವಾದ ಶಕ್ತಿಯೆಂದರೆ ಅದು 12 ವೋಲ್ಟ್‌ನಲ್ಲಿ ಕೊಡಬಲ್ಲ ಶಕ್ತಿಯೇ ಆಗಿದೆ. ಲೆಕ್ಕ ಸರಳ: ಲೇಬಲ್‌ನಲ್ಲಿ 12 ವೋಲ್ಟ್‌ನ ಕೆಳಗೆ ನಮೂದಿಸಿರುವ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಬೇಕು.

ಉದಾಹರಣೆಗೆ, 450 ವಾಟ್ ಎಂದು ಬರೆದಿರುವ ಒಂದು ಅಗ್ಗದ ಘಟಕದ ಪಟ್ಟಿಯಲ್ಲಿ 12 ವೋಲ್ಟ್‌ಗೆ 14 ಆಂಪಿಯರ್, 5 ವೋಲ್ಟ್‌ಗೆ 20 ಆಂಪಿಯರ್ ಮತ್ತು 3.3 ವೋಲ್ಟ್‌ಗೆ 18 ಆಂಪಿಯರ್ ಎಂದು ಇದೆಯೆಂದು ಭಾವಿಸೋಣ. 12 ವೋಲ್ಟ್‌ನಲ್ಲಿ ದೊರೆಯುವುದು ಕೇವಲ 168 ವಾಟ್. ಉಳಿದ ಎರಡನ್ನು ಪೂರ್ಣವಾಗಿ ಕೂಡಿಸಿದರೂ ಒಟ್ಟು 330 ವಾಟ್ ಸಹ ಆಗುವುದಿಲ್ಲ. ಅಂದರೆ ಆ ಲೇಬಲ್ ತನ್ನ ಮಾತನ್ನು ತಾನೇ ಸುಳ್ಳಾಗಿಸುತ್ತಿದೆ. ಇದಕ್ಕೆ ಪ್ರತಿಯಾಗಿ ಪ್ರಾಮಾಣಿಕವಾದ 450 ವಾಟ್ ಘಟಕವೊಂದರಲ್ಲಿ 12 ವೋಲ್ಟ್‌ಗೆ 36 ಆಂಪಿಯರ್, ಅಂದರೆ 432 ವಾಟ್ ಎಂದು ನಮೂದಾಗಿರುತ್ತದೆ. ಹೊರಗಿನಿಂದ ಎರಡೂ ಪೆಟ್ಟಿಗೆಗಳು ಒಂದೇ ಗಾತ್ರದವು. ಕೈಯಲ್ಲಿ ಹಿಡಿದು ನೋಡಿದರೆ ಎರಡನೆಯದು ಸಾಮಾನ್ಯವಾಗಿ ಗಮನಾರ್ಹವಾಗಿ ಭಾರವಾಗಿರುತ್ತದೆ. ತೂಕವೊಂದೇ ಪ್ರಮಾಣವಲ್ಲವಾದರೂ ತೀರಾ ಹಗುರವಾದ ಘಟಕವನ್ನು ಸಂಶಯದಿಂದಲೇ ನೋಡುವುದು ಒಳಿತು. ಕ್ಯಾಬಿನೆಟ್‌ನೊಂದಿಗೆ ಉಚಿತವೆಂದು ಕೊಡಲಾಗುವ ಎಸ್.ಎಂ.ಪಿ.ಎಸ್. ಘಟಕಗಳಿಗೂ ಇದೇ ಪರೀಕ್ಷೆಯನ್ನು ಅನ್ವಯಿಸತಕ್ಕದ್ದು. ಆಂಪಿಯರ್ ಪಟ್ಟಿಯೇ ಇಲ್ಲದ ಘಟಕವನ್ನು ಖರೀದಿಸಲೇಬಾರದು.

ಎಷ್ಟು ವಾಟ್ ಅಗತ್ಯ

ಅರ್ಜಿ ನಮೂದು, ಮುದ್ರಣ, ಬ್ಯಾಂಕಿಂಗ್ ಮತ್ತು ಸಾಮಾನ್ಯ ಕಚೇರಿ ಕೆಲಸಗಳಿಗೆ ಬಳಸುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರವು ಹೆಚ್ಚಿನ ಸಮಯ 100 ವಾಟ್‌ಗಿಂತಲೂ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ. 65 ವಾಟ್ ವರ್ಗದ ಪ್ರೊಸೆಸರ್ ಕೂಡ ಅಲ್ಪಕಾಲ 100 ವಾಟ್ ಮೀರಿ ಎಳೆಯುವುದುಂಟು. ಮದರ್‌ಬೋರ್ಡ್, ಮೆಮೊರಿ, ಫ್ಯಾನ್, ಡಿಸ್ಕ್ ಹಾಗೂ ಯು.ಎಸ್.ಬಿ. ಸಾಧನಗಳನ್ನು ಸೇರಿಸಿದರೂ ಒಟ್ಟು 200 ವಾಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂತಹ ಯಂತ್ರಕ್ಕೆ ಉತ್ತಮ ಗುಣಮಟ್ಟದ 300ರಿಂದ 450 ವಾಟ್‌ನ ಘಟಕವು ಧಾರಾಳವಾಗಿ ಸಾಕು. ಇದಕ್ಕೆ 750 ವಾಟ್‌ನ ಘಟಕ ಬೇಕೆಂದು ಯಾರಾದರೂ ಸೂಚಿಸಿದಲ್ಲಿ ಕಾರಣವನ್ನು ಕೇಳತಕ್ಕದ್ದು. ಮಾನಿಟರ್ ಮತ್ತು ಪ್ರಿಂಟರ್‌ಗಳು ಗೋಡೆಯ ಪ್ಲಗ್‌ನಿಂದ ನೇರವಾಗಿ ವಿದ್ಯುತ್ ಪಡೆಯುವುದರಿಂದ ಅವುಗಳನ್ನು ಈ ಲೆಕ್ಕದಲ್ಲಿ ಸೇರಿಸಬೇಕಾಗಿಲ್ಲ.

ಛಾಯಾಚಿತ್ರ, ವಿಡಿಯೋ ಸಂಕಲನ ಅಥವಾ ಕಟ್ಟಡ ನಕ್ಷೆಯ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ಕಾರ್ಡ್ ತನ್ನ ಸ್ಲಾಟ್‌ನಿಂದ ಗರಿಷ್ಠ 75 ವಾಟ್ ಪಡೆಯಬಹುದು. ಅದಕ್ಕೆ ಜೋಡಿಸುವ 6 ಪಿನ್‌ನ ಕನೆಕ್ಟರ್ ಮತ್ತೆ 75 ವಾಟ್, 8 ಪಿನ್‌ನದು 150 ವಾಟ್ ಪೂರೈಸಲು ನಿಗದಿಯಾಗಿದೆ. ದುಬಾರಿ ಕಾರ್ಡ್‌ಗಳಿಗಾಗಿ 2022ರ ಎ.ಟಿ.ಎಕ್ಸ್. 3.0 ಪರಿಷ್ಕರಣೆಯಲ್ಲಿ 600 ವಾಟ್‌ವರೆಗೆ ಒಯ್ಯಬಲ್ಲ 16 ಪಿನ್‌ನ ಕನೆಕ್ಟರ್ ಸೇರಿಸಲಾಯಿತು. ಅದನ್ನು ಪೂರ್ಣವಾಗಿ ಒಳಕ್ಕೆ ಒತ್ತದಿದ್ದಲ್ಲಿ ಕನೆಕ್ಟರ್ ಕರಗಿದ ಪ್ರಕರಣಗಳು ವರದಿಯಾದ ಮೇಲೆ 2023ರ 3.1 ಪರಿಷ್ಕರಣೆಯಲ್ಲಿ ವಿನ್ಯಾಸವನ್ನು ಬದಲಿಸಲಾಗಿದೆ. ಕಾರ್ಡ್ ತಯಾರಕರು ಸೂಚಿಸಿರುವ ಸಾಮರ್ಥ್ಯಕ್ಕಿಂತ ಕಡಿಮೆಯ ಘಟಕವನ್ನು ಅಳವಡಿಸಕೂಡದು.

ದಕ್ಷತೆ ಮತ್ತು ವಿದ್ಯುತ್ ಬಿಲ್

ಘಟಕವು ಗೋಡೆಯಿಂದ ಪಡೆದ ವಿದ್ಯುತ್ತಿನ ಒಂದು ಭಾಗವು ಶಾಖವಾಗಿ ವ್ಯರ್ಥವಾಗುತ್ತದೆ. ದಕ್ಷತೆಯನ್ನು ಗುರುತಿಸಲು ಅಮೆರಿಕದಲ್ಲಿ 2004ರಲ್ಲಿ 80 ಪ್ಲಸ್ ಎಂಬ ಪ್ರಮಾಣೀಕರಣ ಆರಂಭವಾಯಿತು. ಅರ್ಧ ಭಾರದಲ್ಲಿ ಸಾಮಾನ್ಯ ದರ್ಜೆಗೆ ಶೇ. 80, ಬ್ರಾನ್ಜ್‌ಗೆ 85, ಸಿಲ್ವರ್‌ಗೆ 88, ಗೋಲ್ಡ್‌ಗೆ 90, ಪ್ಲಾಟಿನಂಗೆ 92 ಮತ್ತು ಟೈಟೇನಿಯಂಗೆ 94ರಷ್ಟು ದಕ್ಷತೆ ಇರಬೇಕೆಂದು ನಿಗದಿಯಾಗಿದೆ. ಇವು 115 ವೋಲ್ಟ್‌ನಲ್ಲಿ ನಡೆಸಿದ ಪರೀಕ್ಷೆಗೆ ಸಂಬಂಧಿಸಿದ ಅಂಕಿಗಳು; ನಮ್ಮ 230 ವೋಲ್ಟ್‌ನಲ್ಲಿ ದಕ್ಷತೆಯು ಸಾಮಾನ್ಯವಾಗಿ ಸ್ವಲ್ಪ ಹೆಚ್ಚಿರುತ್ತದೆ.

ಒಳಗಿನ ಭಾಗಗಳು 100 ವಾಟ್ ಬಳಸುತ್ತಾ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಯಂತ್ರ ನಡೆದರೆ 240 ಯೂನಿಟ್ ಬೇಕಾಗುತ್ತದೆ. ಶೇ. 70ರ ದಕ್ಷತೆಯ ಘಟಕವು ಇದಕ್ಕಾಗಿ ಮೀಟರ್‌ನಲ್ಲಿ 343 ಯೂನಿಟ್ ದಾಖಲಿಸಿದರೆ, ಶೇ. 88ರ ಘಟಕವು 273 ಯೂನಿಟ್ ದಾಖಲಿಸುತ್ತದೆ. ವಾಣಿಜ್ಯ ದರದಲ್ಲಿ ಬಿಲ್ ಪಾವತಿಸುವ ಕೇಂದ್ರಕ್ಕೆ ವರ್ಷಕ್ಕೆ 70 ಯೂನಿಟ್‌ಗಳ ಈ ಉಳಿತಾಯವು ಗಣನೀಯವಾದುದು. ಆದರೆ ಬ್ರಾನ್ಜ್‌ನಿಂದ ಪ್ಲಾಟಿನಂಗೆ ಏರಲು ಹೆಚ್ಚಿನ ಹಣ ತೆರುವುದು ಕಚೇರಿ ಕೆಲಸದ ಯಂತ್ರಕ್ಕೆ ಅನಗತ್ಯ.

ಭೂಸಂಪರ್ಕ

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ ಎಂಬುದು ಸಾಮಾನ್ಯ ದೂರು. ಬಹುತೇಕ ಸಂದರ್ಭಗಳಲ್ಲಿ ಇದರ ಕಾರಣ ಎಸ್.ಎಂ.ಪಿ.ಎಸ್.ನ ದೋಷವಲ್ಲ, ಅರ್ಥಿಂಗ್ ಇಲ್ಲದಿರುವುದು. ವಿದ್ಯುತ್ ಗದ್ದಲವನ್ನು ಶೋಧಿಸಲು ಘಟಕದ ಒಳಗೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳಿಂದ ಹೊರಕವಚಕ್ಕೆ ಚಿಕ್ಕ ಕೆಪಾಸಿಟರ್‌ಗಳನ್ನು ಜೋಡಿಸಲಾಗಿರುತ್ತದೆ. ಅವುಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು ಅರ್ಥ್ ತಂತಿಯಲ್ಲಿ ಇಳಿದು ಹೋಗಬೇಕು. ಅರ್ಥ್ ಇಲ್ಲದಿದ್ದಲ್ಲಿ ಹೊರಕವಚವು ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ಒಂದೇ ಯಂತ್ರದಿಂದ ಹರಿಯುವ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿ ಆಂಪಿಯರ್‌ಗಿಂತ ಕಡಿಮೆ. ಆದರೆ ಅರ್ಥ್ ಇಲ್ಲದ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಲವು ಯಂತ್ರಗಳನ್ನು ಜೋಡಿಸಿದಾಗ ಅದು ಕೂಡುತ್ತಾ ಹೋಗುತ್ತದೆ. ಘಟಕದೊಳಗೆ ನಿಜವಾದ ದೋಷವುಂಟಾಗಿ ಫೇಸ್ ತಂತಿಯು ಕವಚಕ್ಕೆ ತಾಗಿದಲ್ಲಿ ಅರ್ಥ್ ಇಲ್ಲದ ಯಂತ್ರವು ಪ್ರಾಣಾಪಾಯ ತರಬಲ್ಲದು.

ಸೇವಾ ಕೇಂದ್ರಗಳಲ್ಲಿ ಈ ವಿಷಯಕ್ಕೆ ಇನ್ನಷ್ಟು ಮಹತ್ವವಿದೆ. ಬೆರಳಚ್ಚು ಸಾಧನವು ಯು.ಎಸ್.ಬಿ. ತಂತಿಯ ಮೂಲಕ ಕ್ಯಾಬಿನೆಟ್‌ನ ಲೋಹದೊಂದಿಗೆ ಸಂಪರ್ಕ ಹೊಂದಿರುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಒರೆಸಿದರೂ ಪೂರ್ತಿ ಒಣಗದ ಬೆರಳನ್ನು ಅದರ ಮೇಲಿಡುವವರು ಪಿಂಚಣಿಗಾಗಿ ಬಂದ ವೃದ್ಧರಾಗಿರಬಹುದು. ಅವರಿಗೆ ತಗಲುವ ಆಘಾತಕ್ಕೆ ಕೇಂದ್ರ ನಡೆಸುವವರೇ ಹೊಣೆ.

ಆದುದರಿಂದ ಮೂರು ಪಿನ್‌ಗಳ ಪ್ಲಗ್‌ನ ಅರ್ಥ್ ಪಿನ್ ಅನ್ನು ಮುರಿಯುವುದು ಅಥವಾ ಎರಡು ಪಿನ್‌ನ ಅಡಾಪ್ಟರ್ ಮೂಲಕ ಯಂತ್ರ ನಡೆಸುವುದನ್ನು ಕಡ್ಡಾಯವಾಗಿ ತ್ಯಜಿಸತಕ್ಕದ್ದು. ಪರವಾನಗಿ ಹೊಂದಿರುವ ಎಲೆಕ್ಟ್ರಿಷಿಯನ್ ಅವರಿಂದ ಸಾಕೆಟ್‌ನ ವೋಲ್ಟೇಜ್ ಅಳೆಯಿಸಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ ವೋಲ್ಟೇಜ್ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬಹುದು. ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್‌ಗೆ ಜೋಡಿಸಿ ಕೆಲಸ ಮುಗಿಸುವ ಪದ್ಧತಿಯು ಕೆಲವೆಡೆ ಇದ್ದು, ಇದು ಅತ್ಯಂತ ಅಪಾಯಕಾರಿ. ಬಂಡೆಯ ಅಥವಾ ಒಣ ಮುರಕಲ್ಲಿನ ನೆಲದಲ್ಲಿ ಅರ್ಥ್ ಗುಂಡಿಯು ಬೇಸಿಗೆಯಲ್ಲಿ ನಿಷ್ಪ್ರಯೋಜಕವಾಗುವುದರಿಂದ ಕಾಲಕಾಲಕ್ಕೆ ಅದಕ್ಕೆ ನೀರೆರೆಯಬೇಕು. 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸುವುದು ಅಪೇಕ್ಷಣೀಯ.

ವೋಲ್ಟೇಜ್ ಏರುಪೇರು, ಸಿಡಿಲು ಮತ್ತು ಯು.ಪಿ.ಎಸ್.

ಲೇಬಲ್‌ನಲ್ಲಿ ಒಳಹರಿವಿನ ವೋಲ್ಟೇಜ್ ವ್ಯಾಪ್ತಿಯನ್ನೂ ನಮೂದಿಸಲಾಗಿರುತ್ತದೆ. 100ರಿಂದ 240 ವೋಲ್ಟ್ ಎಂದಿರುವ ಘಟಕವು ಸಂಜೆಯ ಹೊತ್ತು ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿಯೂ ಸ್ಥಿರವಾಗಿ ನಡೆಯುತ್ತದೆ. 200ರಿಂದ 240 ಎಂದಿರುವುದು ಅಂಥಲ್ಲಿ ಪದೇ ಪದೇ ನಿಲ್ಲಬಹುದು. ಕೆಲವು ಹಳೆಯ ಘಟಕಗಳ ಹಿಂಬದಿಯಲ್ಲಿ 115 ಮತ್ತು 230 ಎಂದು ಗುರುತಿಸಿದ ಕೆಂಪು ಸ್ವಿಚ್ ಇರುತ್ತದೆ. ಇದು ಯಾವಾಗಲೂ 230ರಲ್ಲಿಯೇ ಇರತಕ್ಕದ್ದು. ಕುತೂಹಲದಿಂದ ಮಕ್ಕಳು ಅದನ್ನು ಸರಿಸಿದರೆ ಘಟಕವು ಸದ್ದು ಮಾಡಿ ಸುಟ್ಟುಹೋಗುತ್ತದೆ. ಮೂರು ಫೇಸ್‌ನ ಸಾಲಿನಲ್ಲಿ ನ್ಯೂಟ್ರಲ್ ತಂತಿ ತುಂಡಾದಾಗ ಒಂದು ಫೇಸ್‌ನ ಸಾಕೆಟ್‌ನಲ್ಲಿಯೇ 400 ವೋಲ್ಟ್ ಸಮೀಪದವರೆಗೂ ಏರಬಹುದು. ದೀಪಗಳು ಅಸಹಜವಾಗಿ ಪ್ರಖರವಾಗಿ ಉರಿಯುವುದನ್ನು ಕಂಡ ಕೂಡಲೇ ಮೇನ್ ಸ್ವಿಚ್ ಆರಿಸಿ, ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ದೂರು ನೀಡುವುದು.

ಏಪ್ರಿಲ್, ಮೇ ತಿಂಗಳುಗಳ ಮುಂಗಾರು ಪೂರ್ವ ಮಳೆಯಲ್ಲಿ ಹಾಗೂ ಹಿಂಗಾರಿನಲ್ಲಿ ಗುಡುಗು ಸಿಡಿಲು ಕಂಡುಬಂದಾಗ ಪ್ಲಗ್ ಮತ್ತು ನೆಟ್‌ವರ್ಕ್ ತಂತಿ ಎರಡನ್ನೂ ಕಳಚಿಡಬೇಕು. ಸ್ವಿಚ್ ಆರಿಸುವುದಷ್ಟೇ ಸಾಲದು. ಸಿಡಿಲಿನ ವೋಲ್ಟೇಜ್ ಸ್ವಿಚ್‌ನ ಕಿರಿದಾದ ಅಂತರವನ್ನು ಸುಲಭವಾಗಿ ದಾಟುತ್ತದೆ.

ಯು.ಪಿ.ಎಸ್. ಇದ್ದರೂ ವಿದ್ಯುತ್ ಹೋದ ಕ್ಷಣವೇ ಯಂತ್ರವು ಮರುಪ್ರಾರಂಭವಾಗುತ್ತದೆ, ಶುಲ್ಕ ಪಾವತಿಯ ನಡುವೆ ಅರ್ಜಿಯು ಕಡಿತಗೊಳ್ಳುತ್ತದೆ ಎಂಬ ದೂರುಗಳಿವೆ. ಬ್ಯಾಟರಿ ಬದಲಿಸಿದರೂ ತೊಂದರೆ ನೀಗದಿದ್ದಲ್ಲಿ ಎಸ್.ಎಂ.ಪಿ.ಎಸ್. ಅನ್ನು ಪರಿಶೀಲಿಸಬೇಕು. ಸಾಮಾನ್ಯ ಯು.ಪಿ.ಎಸ್. ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್‌ಗಳಿಂದ 10 ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಯಂತ್ರವನ್ನು ನಡೆಸುವುದು ಎಸ್.ಎಂ.ಪಿ.ಎಸ್.ನ ದೊಡ್ಡ ಕೆಪಾಸಿಟರ್‌ನಲ್ಲಿ ಸಂಗ್ರಹವಾಗಿರುವ ವಿದ್ಯುತ್ತೇ. ಎ.ಟಿ.ಎಕ್ಸ್. ಮಾನದಂಡವು ಸುಮಾರು 16 ಮಿಲಿಸೆಕೆಂಡ್‌ಗಳ ಆಸರೆಯನ್ನು ಅಪೇಕ್ಷಿಸುತ್ತದೆ. ಅಗ್ಗದ ಘಟಕಗಳಲ್ಲಿ ಚಿಕ್ಕ ಕೆಪಾಸಿಟರ್ ಹಾಕಿ ಹಣ ಉಳಿಸಿರುತ್ತಾರೆ. ಹಳೆಯವುಗಳಲ್ಲಿ ಕೆಪಾಸಿಟರ್ ಒಣಗಿರುತ್ತದೆ. ಯು.ಪಿ.ಎಸ್. ಮಾರಾಟಗಾರರ ಮೇಲೆ ಹೊರಿಸುವ ಅನೇಕ ದೂರುಗಳ ಮೂಲ ಇಲ್ಲಿದೆ. ಮನೆಯ ಇನ್ವರ್ಟರ್ ಬದಲಾಗಲು ಇದಕ್ಕಿಂತಲೂ ಹೆಚ್ಚು ಸಮಯ ತೆಗೆದುಕೊಳ್ಳಬಹುದಾದ್ದರಿಂದ, ಅದರಲ್ಲಿ ಯು.ಪಿ.ಎಸ್. ಮೋಡ್ ಇದ್ದರೆ ಅದನ್ನೇ ಆಯ್ಕೆ ಮಾಡಬೇಕು.

600 ವಿ.ಎ. ಎಂದು ಬರೆದಿರುವ ಯು.ಪಿ.ಎಸ್. ಅನೇಕ ವೇಳೆ 360 ವಾಟ್ ಮಾತ್ರ ನೀಡುತ್ತದೆ. ಅದಕ್ಕೆ ಲೇಸರ್ ಪ್ರಿಂಟರ್ ಅನ್ನು ಜೋಡಿಸಬಾರದು. ಆಕ್ಟಿವ್ ಪಿ.ಎಫ್.ಸಿ. ಇರುವ ಎಸ್.ಎಂ.ಪಿ.ಎಸ್. ಘಟಕಗಳು ಚೌಕ ತರಂಗದ ಅಗ್ಗದ ಯು.ಪಿ.ಎಸ್.ನೊಂದಿಗೆ ಕೆಲವೊಮ್ಮೆ ಹೊಂದಿಕೊಳ್ಳುವುದಿಲ್ಲ. ಖರೀದಿಗೆ ಮುನ್ನ ಎರಡನ್ನೂ ಜೋಡಿಸಿ, ಪ್ಲಗ್ ಆರಿಸಿ ನೋಡುವುದು ಸೂಕ್ತ.

ಅಳತೆ ಮತ್ತು ಕನೆಕ್ಟರ್‌ಗಳು

ಬ್ರಾಂಡೆಡ್ ಯಂತ್ರಗಳು ಹಾಗೂ ತೆಳು ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯ ಎ.ಟಿ.ಎಕ್ಸ್. ಘಟಕವು ಅಳತೆಗೆ ಹೊಂದದಿರಬಹುದು, ಕನೆಕ್ಟರ್‌ಗಳೂ ಬೇರೆಯಾಗಿರಬಹುದು. ಹಳೆಯ ಘಟಕವನ್ನು ಅಂಗಡಿಗೆ ಒಯ್ದು ಹೋಲಿಸುವುದೇ ಸುಲಭ ಮಾರ್ಗ. ತಂತಿಗಳನ್ನು ಕಳಚಬಹುದಾದ ಮಾಡ್ಯುಲರ್ ಘಟಕಗಳ ಬಗ್ಗೆ ಒಂದು ಎಚ್ಚರಿಕೆ: ಒಂದು ಘಟಕದ ತಂತಿಗಳನ್ನು ಇನ್ನೊಂದಕ್ಕೆ ಬಳಸಕೂಡದು. ಡಿಸ್ಕ್‌ನ ಕಡೆಯ ತುದಿಯು ಎಲ್ಲದರಲ್ಲಿಯೂ ಒಂದೇ. ಘಟಕದ ಕಡೆಯ ತುದಿಯ ಕ್ರಮವನ್ನು ಪ್ರತಿ ತಯಾರಕರೂ ತಮ್ಮಿಷ್ಟದಂತೆ ಮಾಡಿಕೊಂಡಿದ್ದಾರೆ. ತಪ್ಪು ತಂತಿ ಸರಾಗವಾಗಿ ಕೂಡುತ್ತದೆ, 5 ವೋಲ್ಟ್ ಬೇಕಾದಲ್ಲಿ 12 ವೋಲ್ಟ್ ಹರಿಯುತ್ತದೆ, ಡಿಸ್ಕ್ ಅದರಲ್ಲಿರುವ ದಾಖಲೆಗಳ ಸಹಿತ ಕ್ಷಣದಲ್ಲಿ ನಾಶವಾಗುತ್ತದೆ.

ದೋಷದ ಲಕ್ಷಣಗಳು

ಕಾರಣವಿಲ್ಲದೆ ಮರುಪ್ರಾರಂಭವಾಗುವುದು, ಗುಂಡಿ ಒತ್ತಿದಾಗ ಎರಡು ಮೂರು ಪ್ರಯತ್ನಗಳ ನಂತರ ಚಾಲನೆಗೊಳ್ಳುವುದು, ಸುಟ್ಟ ವಾಸನೆ, ಫ್ಯಾನ್‌ನ ಕರ್ಕಶ ಸದ್ದು ಹಾಗೂ ಡಿಸ್ಕ್ ಆಗಾಗ್ಗೆ ಕಾಣೆಯಾಗುವುದು ಘಟಕದ ದೋಷವನ್ನು ಸೂಚಿಸಬಹುದು. ಫ್ಯಾನ್ ತಿರುಗುತ್ತಿದೆಯೆಂಬ ಕಾರಣಕ್ಕೆ ಘಟಕ ಸರಿಯಿದೆಯೆಂದು ತೀರ್ಮಾನಿಸಲಾಗದು. ಯಂತ್ರವು ಕೆಲಸದಲ್ಲಿರುವಾಗ 12 ವೋಲ್ಟ್‌ನ ತಂತಿಯು 11.4ರಿಂದ 12.6ರ ನಡುವೆ ಮತ್ತು 5 ವೋಲ್ಟ್‌ನ ತಂತಿಯು 4.75ರಿಂದ 5.25ರ ನಡುವೆ ಇರಬೇಕು. ಈ ಅಳತೆಯನ್ನು ತಂತ್ರಜ್ಞರಿಂದಲೇ ಮಾಡಿಸತಕ್ಕದ್ದು.

ಯಾವುದೇ ಕಾರಣಕ್ಕೂ ಘಟಕದ ಪೆಟ್ಟಿಗೆಯನ್ನು ಬಿಚ್ಚಕೂಡದು. ಪ್ಲಗ್ ತೆಗೆದ ನಂತರವೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮಿಕ್ಕಿ ಉಳಿದಿರಬಹುದು. ಧೂಳನ್ನು ಹೊರಗಿನಿಂದ ಊದಿ ಅಥವಾ ಬ್ರಷ್‌ನಿಂದ ತೆಗೆದರೆ ಸಾಕು. ಶಾಖವು ಕೆಪಾಸಿಟರ್‌ಗಳ ಆಯಸ್ಸನ್ನು ಕುಗ್ಗಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ 10 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದಂತೆ ಆಯಸ್ಸು ಇಮ್ಮಡಿಯಾಗುತ್ತದೆ. ಮೇಜಿನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ ಇರಿಸುವುದನ್ನು ಈ ಕಾರಣದಿಂದ ತಪ್ಪಿಸಬೇಕು.

ಖರೀದಿ, ದೂರು ಮತ್ತು ವಿಲೇವಾರಿ

ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನ ಸರಕುಗಳ ಕಡ್ಡಾಯ ನೋಂದಣಿ ಆದೇಶವು 2012ರಲ್ಲಿ ಹೊರಟಿದ್ದು, ಗಣಕಯಂತ್ರಗಳು ಅದರ ಮೊದಲ ಪಟ್ಟಿಯಲ್ಲಿಯೇ ಇದ್ದವು. ಯು.ಪಿ.ಎಸ್.ಗಳನ್ನೂ ಗರಿಷ್ಠ 48 ವೋಲ್ಟ್ ನೀಡುವ ಪ್ರತ್ಯೇಕ ಎಸ್.ಎಂ.ಪಿ.ಎಸ್. ಘಟಕಗಳನ್ನೂ ನಂತರದಲ್ಲಿ ಸೇರಿಸಲಾಯಿತು. ಘಟಕದ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐ.ಎಸ್. 13252 ಎಂಬ ಮಾನಕ ಸಂಖ್ಯೆ ಹಾಗೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನು ನೋಡಬೇಕು. ಈ ಸಂಖ್ಯೆಯು ನಿಜವಾದುದೇ ಎಂಬುದನ್ನು ಬ್ಯೂರೋದ ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಿಕೊಳ್ಳಬಹುದು.

ಅಸೆಂಬಲ್ಡ್ ಯಂತ್ರ ಕೊಳ್ಳುವವರು ಬಿಲ್‌ನಲ್ಲಿ ಎಸ್.ಎಂ.ಪಿ.ಎಸ್.ನ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಮತ್ತು ವಾರಂಟಿ ಅವಧಿಯನ್ನು ಪ್ರತ್ಯೇಕ ಸಾಲಿನಲ್ಲಿ ನಮೂದಿಸಿಕೊಳ್ಳತಕ್ಕದ್ದು. ಕ್ಯಾಬಿನೆಟ್ ಸಹಿತ ಎಂದಷ್ಟೇ ಬರೆದ ಬಿಲ್‌ನಿಂದ ವಾರಂಟಿಯನ್ನು ಸಾಧಿಸುವುದು ಕಷ್ಟ. ಮಾರಾಟಗಾರರು ದೋಷಯುಕ್ತ ಘಟಕವನ್ನು ಬದಲಿಸಲು ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನ್ವಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೂ ದೂರು ಸಲ್ಲಿಸಬಹುದಾಗಿದ್ದು, ಅದಕ್ಕೆ ಬಿಲ್‌ನ ಪ್ರತಿಯನ್ನು ಲಗತ್ತಿಸಬೇಕಾಗುತ್ತದೆ.

ಕೆಟ್ಟ ಘಟಕಗಳನ್ನು ಮನೆಯ ಕಸದೊಂದಿಗೆ ಎಸೆಯುವುದಾಗಲಿ, ತಾಮ್ರಕ್ಕಾಗಿ ಸುಡುವುದಾಗಲಿ ಕೂಡದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವುಗಳು ನೋಂದಾಯಿತ ಮರುಬಳಕೆದಾರರನ್ನು ತಲುಪಬೇಕು. ಸೇವಾ ಕೇಂದ್ರಗಳು ಹಾಗೂ ಸಂಸ್ಥೆಗಳು ಒಪ್ಪಿಸಿದ ಘಟಕಗಳಿಗೆ ಸ್ವೀಕೃತಿ ಪಡೆದು ಕಡತದಲ್ಲಿ ಇರಿಸಿಕೊಳ್ಳುವುದು.